ಕೊಳದ ದಡದಲ್ಲಿ ಕಾಣದವರು: ಅತಿ ಪರೋಪಕಾರದಲ್ಲಿ ಮನೆಮಂದಿಯ ಪಾಲು

ಕೊಳದಲ್ಲಿ ಮಗುವೊಂದು ಮುಳುಗುತ್ತಿರುವಾಗ ಬಟ್ಟೆ ಕೆಸರಾದೀತೆಂದು ದಾರಿಹೋಕ ಸುಮ್ಮನಿರಕೂಡದು. ಹಾಗಾದರೆ ದೂರದೇಶದಲ್ಲಿ ಹಸಿವಿನಿಂದ ಸಾಯುವವರ ವಿಷಯದಲ್ಲೂ ನಾವು ಸುಮ್ಮನಿರಕೂಡದು. ಪೂರ್ವ ಬಂಗಾಳದ ನಿರಾಶ್ರಿತರ ಸಂಕಟದ ಹೊತ್ತಿನಲ್ಲಿ ಬರೆದು, 1972ರಲ್ಲಿ ತತ್ವಜ್ಞಾನಿ ಪೀಟರ್ ಸಿಂಗರ್ ಪ್ರಕಟಿಸಿದ ವಾದವಿದು. ನ್ಯೂಯಾರ್ಕರ್ ಪತ್ರಿಕೆಯ ಲರಿಸ್ಸಾ ಮ್ಯಾಕ್‌ಫಾರ್ಕರ್ ಅವರ ‘ಸ್ಟ್ರೇಂಜರ್ಸ್ ಡ್ರೌನಿಂಗ್’ (2015) ಎಂಬ ಪುಸ್ತಕದ ಹೆಸರಿನ ಹಿಂದೆ ಈ ಕೊಳವಿದೆ. ಅಪರಿಚಿತರಿಗಾಗಿ ಬದುಕನ್ನೇ ಒತ್ತೆಯಿಟ್ಟವರ ಚರಿತ್ರೆಗಳು ಅದರಲ್ಲಿವೆ. ಸಿಂಗರ್ ದೃಷ್ಟಾಂತದಲ್ಲಿ ದಡದ ಮೇಲೆ ನಿಂತವನು ಒಂಟಿ. ಅವನಿಗೆ ಹೆಂಡತಿ ಮಕ್ಕಳಿಲ್ಲ, ಕೆಡುವುದು ಅವನ ಬಟ್ಟೆ ಮಾತ್ರ. ಮ್ಯಾಕ್‌ಫಾರ್ಕರ್ ಆ ದಡಕ್ಕೆ ಅವನ ಸಂಸಾರವನ್ನೂ ಕರೆತಂದು ನಿಲ್ಲಿಸುತ್ತಾರೆ. ಅತಿ ಪರೋಪಕಾರದ ನಿಜವಾದ ತೊಡಕು ಉಪಕಾರಿಯ ತ್ಯಾಗದಲ್ಲಿಲ್ಲ, ಆ ತ್ಯಾಗವನ್ನು ತಾವಾಗಿ ಆರಿಸಿಕೊಳ್ಳದ ಹತ್ತಿರದವರ ಪಾಲಿನಲ್ಲಿದೆ ಎಂಬುದು ಈ ಲೇಖನದ ವಾದ.

ಕೃತಿಯ ಚರಿತ್ರೆಗಳಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಬಾಬಾ ಆಮ್ಟೆ (1914–2008) ಅವರದೂ ಒಂದು. ಜಮೀನ್ದಾರರ ಮನೆಯ ವಕೀಲ ಆಮ್ಟೆ, ಮಳೆಯಲ್ಲಿ ಬಿದ್ದಿದ್ದ ಕುಷ್ಠರೋಗಿಯೊಬ್ಬನನ್ನು ಕಂಡು ಹೆದರಿ ಓಡಿದರು. ಆ ಭಯವೇ ನಾಚಿಕೆಯಾಗಿ ಕಾಡಿ ಮರಳಿ ಬಂದು ಅವನ ಶುಶ್ರೂಷೆ ಮಾಡಿದರು. ಮುಂದೆ ಪ್ರಯೋಗಕ್ಕೆಂದು ರೋಗಾಣುಗಳನ್ನು ತಮ್ಮ ಮೈಗೇ ಚುಚ್ಚಿಸಿಕೊಂಡರು. ಇಷ್ಟರವರೆಗೆ ಅಪಾಯ ಅವರೊಬ್ಬರದು. ಆದರೆ ವರೋರಾದ ಬಳಿಯ ಕಲ್ಲುನೆಲದಲ್ಲಿ ಆರು ಮಂದಿ ರೋಗಿಗಳು, ಒಂದು ಕುಂಟು ಹಸು, ಹದಿನಾಲ್ಕು ರೂಪಾಯಿಯೊಡನೆ ಆನಂದವನ ಶುರುವಾದಾಗ ಜೊತೆಗೆ ಬಂದವರು ಪತ್ನಿ ಸಾಧನಾ ಮತ್ತು ಇಬ್ಬರು ಎಳೆಯ ಗಂಡುಮಕ್ಕಳು. ಕುಷ್ಠವೆಂದರೆ ಊರೇ ದೂರ ಸರಿಯುತ್ತಿದ್ದ ಕಾಲವದು. ಆ ಮಕ್ಕಳನ್ನು ಯಾರೂ ಕೇಳಿರಲಿಲ್ಲ.

ಇಂಥವರ ಒಳಗಿರುವುದು ಅಹಂಕಾರ ಅಥವಾ ಮನೋರೋಗ ಎಂಬುದು ಹಳೆಯ ಆಕ್ಷೇಪ. ಕಾರಣ ಯಾವುದಾದರೂ ಆಗಲಿ, ಕಟ್ಟಿದ ಹುಣ್ಣು ಕಟ್ಟಿದ್ದೇ. ನೈತಿಕ ಸಂತನ ಬದುಕು ಕಲೆ, ವಿನೋದಗಳಿಲ್ಲದ ಬರಡು ಬದುಕೆಂದು ತತ್ವಜ್ಞಾನಿ ಸೂಸನ್ ವುಲ್ಫ್ 1982ರಲ್ಲಿ ವಾದಿಸಿದ್ದರು; ಆದರೆ ಆಮ್ಟೆ ಮರಾಠಿಯ ಕವಿಯೂ ಹೌದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು: ಪತ್ರಕರ್ತೆ ಆಯ್ದುಕೊಂಡ ಕೆಲವೇ ಬದುಕುಗಳು ಪುರಾವೆಯಾದಾವೆ? ಕರ್ತವ್ಯವನ್ನು ಸಾಬೀತುಪಡಿಸಲು ಸಾಲವು, ನಿಜ. ಆದರೆ ಇಂಥ ಬದುಕು ಸಂಸಾರವನ್ನು ಒಡೆದೇ ಒಡೆಯುತ್ತದೆ ಎಂಬ ಸಾರ್ವತ್ರಿಕ ಮಾತನ್ನು ಅಲ್ಲಗಳೆಯಲು ಒಂದು ಉದಾಹರಣೆ ಸಾಕು. ಆಮ್ಟೆಯವರ ಮಕ್ಕಳಿಬ್ಬರೂ ವೈದ್ಯರಾಗಿ ಅದೇ ಸೇವೆಗೆ ಬಂದರು. ಪ್ರಕಾಶ್ 1973ರಿಂದ ಹೇಮಲಕಸಾದ ಕಾಡಿನಲ್ಲಿ ಆದಿವಾಸಿಗಳ ನಡುವೆ ನೆಲೆಸಿದರು.

ಹಾಗೆಂದು ಬೆಳೆದ ಮಕ್ಕಳ ಒಪ್ಪಿಗೆಯನ್ನು ತಂದೆಯ ಹಿಂದಿನ ತೀರ್ಮಾನಕ್ಕೆ ರುಜುವಾಗಿ ಹಚ್ಚಲಾಗದು. ಈ ತೊಡಕನ್ನು ಮೊದಲೇ ಎದುರಿಸಿದವರು ಅದೇ ಕೃತಿಯಲ್ಲಿ ಬರುವ ದಾನಿ, ಅಮೆರಿಕದ ಜೂಲಿಯಾ ವೈಸ್. ಸಕ್ಕರೆ ಪಾಕ ಹಚ್ಚಿದ ಒಂದು ಸೇಬು ಕೊಂಡದ್ದಕ್ಕೆ, ಆ ಹಣದಲ್ಲಿ ಮಲೇರಿಯಾ ತಡೆಯುವ ಸೊಳ್ಳೆಪರದೆ ಕೊಡಿಸಬಹುದಿತ್ತೆಂದು ಅತ್ತವರು ಅವರು. ಮಗು ಬೇಕೇ ಎಂದು ಬಹುಕಾಲ ತೂಗಿ, ಕೊನೆಗೆ ಬೇಕೆಂದರು. ಮಗುವಿನ ಖರ್ಚನ್ನು ದಾನದ ಲೆಕ್ಕದ ಪಕ್ಕದಲ್ಲೇ ಬರೆದುಕೊಂಡರು.