ಛಾಪಾ ಕಾಗದದ ಮೇಲಿನ ನಾಲ್ಕು ರಾಜ್ಯ: ಜಮಖಂಡಿ–ಮುಧೋಳ ಸೀಮೆಯ ಸಂಸ್ಥಾನಿ ಮುದ್ರಾಂಕಗಳು, ಅವುಗಳ ಸಂಗ್ರಹ ಮತ್ತು ಹರಾಜು

ರಬಕವಿಯಿಂದ ಬನಹಟ್ಟಿಗೆ ಇವತ್ತು ನಡೆದು ಹೋಗುವವನಿಗೆ ಒಂದು ಊರು ಎಲ್ಲಿ ಮುಗಿಯಿತು, ಇನ್ನೊಂದು ಎಲ್ಲಿ ಶುರುವಾಯಿತು ಎಂಬುದು ತಿಳಿಯುವುದಿಲ್ಲ. ಎರಡೂ ಕಡೆ ಮಗ್ಗದ ಸದ್ದು, ಎರಡಕ್ಕೂ ಒಂದೇ ನಗರಸಭೆ, ಈಗ ಒಂದೇ ತಾಲ್ಲೂಕು. 1948ಕ್ಕೆ ಮುಂಚೆ ಇವು ಬೇರೆ ಬೇರೆ ರಾಜ್ಯದ ಊರುಗಳಾಗಿದ್ದವು. ರಬಕವಿ ಸಾಂಗಲಿ ಸಂಸ್ಥಾನದ್ದು, ಬನಹಟ್ಟಿ ಜಮಖಂಡಿಯದು. ದಕ್ಷಿಣಕ್ಕೆ ಮುಧೋಳ ಘೋರ್ಪಡೆಯವರ ಕೈಯಲ್ಲಿತ್ತು. ಬಿಳಗಿ ನೇರವಾಗಿ ಬ್ರಿಟಿಷರ ಆಡಳಿತಕ್ಕೆ ಸೇರಿತ್ತು. ಮೊದಲು ಕಲಾದಗಿ ಜಿಲ್ಲೆ, 1885ರಲ್ಲಿ ಕಚೇರಿ ವಿಜಾಪುರಕ್ಕೆ ಹೋದ ಮೇಲೆ ವಿಜಾಪುರ ಜಿಲ್ಲೆ. ಸಂತೆಗೆ, ಜಾತ್ರೆಗೆ, ಬೀಗತನಕ್ಕೆ ಈ ಗಡಿಗಳು ಅಡ್ಡ ಬರಲಿಲ್ಲ. ಸಾಲಪತ್ರವನ್ನೋ ಖರೀದಿಪತ್ರವನ್ನೋ ಬರೆಯಲು ಕೂತಾಗ ಮಾತ್ರ ಯಾವ ರಾಜ್ಯದ ಛಾಪಾ ಕಾಗದ ತರಬೇಕು ಎಂಬ ಪ್ರಶ್ನೆ ಏಳುತ್ತಿತ್ತು.

ಆ ಕಾಗದಗಳು ಮತ್ತು ಅವುಗಳ ಮೇಲೆ ಹಚ್ಚುತ್ತಿದ್ದ ಕೋರ್ಟ್ ಫೀ, ರೆವೆನ್ಯೂ ಸ್ಟ್ಯಾಂಪುಗಳು ಇಂದು ಸಂಗ್ರಾಹಕರ ಸರಕು. ಅವು ಕಚೇರಿಯ ಕಡತದಿಂದ ಹರಾಜಿನ ಮೇಜಿಗೆ ಬಂದ ದಾರಿ ಯಾವುದು, ಬರುವಾಗ ಏನನ್ನು ಕಳೆದುಕೊಂಡವು ಎಂಬುದು ಈ ಲೇಖನದ ವಿಷಯ.

ಮೂರನೇ ಮೈಸೂರು ಯುದ್ಧದಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದ ಪರಶುರಾಮಭಾವು ಪಟವರ್ಧನನ ವಂಶ ಪಾಲಾಗುತ್ತ ಹೋಗಿ 1811ರ ಹೊತ್ತಿಗೆ ಜಮಖಂಡಿ ಪ್ರತ್ಯೇಕ ಸಂಸ್ಥಾನವಾಯಿತು. 1901ರ ಜನಗಣತಿಯಲ್ಲಿ ಅದರ ಜನಸಂಖ್ಯೆ 1,05,357, ಮುಧೋಳದ್ದು 63,001. ಜಮಖಂಡಿಯ ನೆಲ ಒಂದೇ ತುಂಡಾಗಿರಲಿಲ್ಲ. ದೂರದ ಕುಂದಗೋಳವೂ ಅದಕ್ಕೇ ಸೇರಿತ್ತು. ಹೀಗಾಗಿ ಹುಬ್ಬಳ್ಳಿಯ ಮಗ್ಗುಲಲ್ಲಿ ಹೊಲ ಮಾರಿದವನ ಕಾಗದದ ಮೇಲೂ ಜಮಖಂಡಿಯ ಮುದ್ರೆ ಇರಬೇಕಾಗಿತ್ತು. ನಕಾಶೆಯಲ್ಲಿ ಅಲ್ಲಲ್ಲಿ ಚೆಲ್ಲಿದ ಬಣ್ಣದಂತೆ ಕಾಣುವ ಈ ಸಂಸ್ಥಾನಗಳನ್ನು ಅರ್ಥ ಮಾಡಿಕೊಳ್ಳಲು ಒಡ್ಡೋಲಗದ ವರ್ಣನೆಗಿಂತ ಇಂಥ ಕಾಗದಗಳೇ ಹೆಚ್ಚು ನೆರವಾಗುತ್ತವೆ ಎಂಬುದು ನನ್ನ ಅಭಿಪ್ರಾಯ.

ಜಮಖಂಡಿಯಾಗಲಿ ಮುಧೋಳವಾಗಲಿ ಸ್ವಂತ ಅಂಚೆ ಚೀಟಿ ಹೊರಡಿಸಲಿಲ್ಲ. ಅಂಚೆ ಬ್ರಿಟಿಷ್ ಇಂಡಿಯಾದ್ದೇ. ಮೈಸೂರಿನಂಥ ದೊಡ್ಡ ಸಂಸ್ಥಾನ ಕೂಡ 1889ರವರೆಗೆ ತನ್ನದೇ ‘ಅಂಚೆ’ ನಡೆಸಿಯೂ ಅದಕ್ಕೆ ಚೀಟಿ ಮುದ್ರಿಸಲಿಲ್ಲ. ಆದ್ದರಿಂದ ಅಂಚೆ ಚೀಟಿ ಸಂಗ್ರಾಹಕರ ಪಂಚಾಂಗದಂತಿರುವ ಸ್ಟ್ಯಾನ್ಲಿ ಗಿಬ್ಬನ್ಸ್ ಕ್ಯಾಟಲಾಗಿನ ಸಂಸ್ಥಾನಗಳ ಪಟ್ಟಿಯಲ್ಲಿ ಜಮಖಂಡಿ, ಮುಧೋಳ ಎರಡೂ ಇಲ್ಲ. (ಮುಧೋಳಕ್ಕೆ ಆ ಭಾಗ್ಯ ಬಂದದ್ದು 2005ರಲ್ಲಿ, ಭಾರತೀಯ ಅಂಚೆ ಇಲಾಖೆ ದೇಶಿ ನಾಯಿ ತಳಿಗಳ ಚೀಟಿ ಹೊರಡಿಸಿದಾಗ. ರಾಜರಿಗೆ ಸಿಗದ ಜಾಗ ಅವರ ಬೇಟೆನಾಯಿಗೆ ಸಿಕ್ಕಿತು.) ನ್ಯಾಯಾಲಯದ ಶುಲ್ಕ ಮತ್ತು ದಸ್ತಾವೇಜಿನ ತೆರಿಗೆ ಮಾತ್ರ ಸಂಸ್ಥಾನದ ಸ್ವಂತ ಆದಾಯ. ಅದಕ್ಕಾಗಿ ಸ್ವಂತ ಮುದ್ರಾಂಕ, ಸ್ವಂತ ಛಾಪಾ ಕಾಗದ. ಅಂಚೆಯಲ್ಲಿ ಕಾಣದ ಅರಸೊತ್ತಿಗೆ ಸಾಲಪತ್ರದ ತಲೆಯ ಮೇಲೆ ಕಾಣಿಸಿಕೊಳ್ಳುತ್ತಿತ್ತು.

ಬಿಳಗಿಯ ಪರಿಸ್ಥಿತಿ ಬೇರೆ. ಅಲ್ಲಿ 1870ರ ಕೋರ್ಟ್ ಫೀ ಕಾಯ್ದೆ ಮತ್ತು 1899ರ ಸ್ಟ್ಯಾಂಪ್ ಕಾಯ್ದೆ ನೇರವಾಗಿ ಜಾರಿಯಲ್ಲಿದ್ದವು. ಬ್ರಿಟಿಷ್ ಇಂಡಿಯಾದ ಮುದ್ರಾಂಕಗಳು ಬಹುಕಾಲ ಲಂಡನ್ನಿನ ಡಿ ಲಾ ರೂ ಕಂಪನಿಯಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1920ರ ದಶಕದ ನಡುವಿನಲ್ಲಿ ನಾಸಿಕದ ಮುದ್ರಣಾಲಯ ಆ ಕೆಲಸ ವಹಿಸಿಕೊಂಡಿತು. ಇಪ್ಪತ್ತು ರೂಪಾಯಿಗಿಂತ ಹೆಚ್ಚಿನ ಹಣ ಪಡೆದವನು ರಸೀದಿಗೆ ಒಂದಾಣೆಯ ಚೀಟಿ ಹಚ್ಚಿ ಅದರ ಮೇಲೆ ಸಹಿ ಮಾಡಬೇಕಿತ್ತು. ತಕ್ಕ ಛಾಪಾ ಇಲ್ಲದ ದಸ್ತಾವೇಜನ್ನು ದಂಡ ಕಟ್ಟದ ಹೊರತು ಕೋರ್ಟು ಸಾಕ್ಷ್ಯವೆಂದು ಮುಟ್ಟುತ್ತಿರಲಿಲ್ಲ.

1899ರ ಕಾಯ್ದೆಯ 18ನೇ ಕಲಮು ಈ ಸೀಮೆಗೆ ಹೇಳಿ ಮಾಡಿಸಿದಂತಿದೆ. ಬ್ರಿಟಿಷ್ ಇಂಡಿಯಾದ ಹೊರಗೆ ಬರೆದುಕೊಂಡ ದಸ್ತಾವೇಜು ಒಳಗೆ ಬಂದರೆ, ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿಯ ಛಾಪಾ ಹಾಕಿಸಬಹುದು ಎನ್ನುತ್ತದೆ ಅದು. ಕಾಯ್ದೆ ಬರೆದವರ ಮನಸ್ಸಿನಲ್ಲಿ ಲಂಡನ್ನು, ಸಿಂಗಪುರ ಇದ್ದಿರಬಹುದು. ಆದರೆ ಕಾನೂನಿನ ಕಣ್ಣಿಗೆ ಮುಧೋಳವೂ ಹೊರಗೇ. ಮುಧೋಳದಲ್ಲಿ ಬರೆದ ಪತ್ರದ ಆಧಾರದ ಮೇಲೆ ಬಾಗಲಕೋಟೆಯ ಕೋರ್ಟಿನಲ್ಲಿ ದಾವೆ ಹೂಡಬೇಕಾದ ಬಿಳಗಿಯ ಸಾಹುಕಾರನಿಗೆ ಘೋರ್ಪಡೆ ಸರಕಾರದ ಛಾಪಾದ ಜೊತೆ ಇಂಗ್ಲೆಂಡಿನ ದೊರೆಯ ಛಾಪಾವೂ ಬೇಕಾಗುತ್ತಿತ್ತು. ಒಂದು ಹಾಳೆ, ಎರಡು ಪ್ರಭುತ್ವ. ಸಂಶೋಧಕನ ದೃಷ್ಟಿಯಿಂದ ಈ ಸೀಮೆಯಲ್ಲಿ ಇದಕ್ಕಿಂತ ಬೆಲೆಬಾಳುವ ಮುದ್ರಾಂಕ ಬೇರೊಂದಿಲ್ಲ. ಹರಾಜಿನ ಕ್ಯಾಟಲಾಗುಗಳಲ್ಲಿ ಇಂಥದಕ್ಕೆ ಪ್ರತ್ಯೇಕ ಶೀರ್ಷಿಕೆಯೇ ಇಲ್ಲ.

ಪೂರ್ತಿ ಹಾಳೆಯೊಂದನ್ನು ಮುಂದಿಟ್ಟುಕೊಂಡು ಮೇಲಿನಿಂದ ಓದುತ್ತ ಹೋದರೆ ಅದರಲ್ಲಿ ಎಷ್ಟು ಪದರಗಳಿವೆ ಎಂಬುದು ತಿಳಿಯುತ್ತದೆ. ತಲೆಯಲ್ಲಿ ಸಂಸ್ಥಾನದ ಹೆಸರು, ಲಾಂಛನ, ರೂಪಾಯಿ-ಆಣೆಯ ಮೌಲ್ಯ. ಮಗ್ಗುಲಲ್ಲೋ ಬೆನ್ನಿಗೋ ಸ್ಟ್ಯಾಂಪ್ ವೆಂಡರನ ಕೈಬರಹ: ಅನುಕ್ರಮ ಸಂಖ್ಯೆ, ಮಾರಿದ ತಾರೀಕು, ಕೊಂಡವನ ಹೆಸರು, ಇರುವ ಊರು, ಕೊನೆಗೆ ತನ್ನ ಸಹಿ. ಅದರ ಕೆಳಗೆ ಒಕ್ಕಣೆ. ಇವು ಮರಾಠಿ ದರಬಾರುಗಳು, ಕಚೇರಿಯ ಬರವಣಿಗೆ ಬಹುಮಟ್ಟಿಗೆ ಮೋಡಿ ಲಿಪಿಯಲ್ಲಿ. ಬರೆಸಿದವನ ಮನೆಮಾತು ಕನ್ನಡ. ಹೊಲದ ಚಕ್ಕುಬಂದಿ ಹೇಳುವಾಗ ಹಳ್ಳ, ದಿನ್ನೆ, ಮಡ್ಡಿಗಳ ಕನ್ನಡದ ಹೆಸರುಗಳು ಮೋಡಿಯ ಸಾಲುಗಳ ನಡುವೆ ತಲೆ ಹಾಕುತ್ತವೆ. ತೇದಿ ಶಕೆಯಲ್ಲಿರಬಹುದು, ಕಂದಾಯ ಲೆಕ್ಕದ ಫಸಲಿಯಲ್ಲಿರಬಹುದು. ಫಸಲಿ ವರ್ಷ ಮಿರಗದ ಹೊತ್ತಿಗೆ, ಅಂದರೆ ಜೂನ್ ಮೊದಲ ವಾರದಲ್ಲಿ ಶುರು. ಫಸಲಿ 1327 ಎಂದರೆ 1917–18. ಇದನ್ನು ಲೆಕ್ಕಿಸದೆ ಬರೀ 590 ಕೂಡಿಸಿ ತಾರೀಕು ಹಾಕುವ ವ್ಯಾಪಾರಿಗಳು ಮಿರಗಕ್ಕೂ ಡಿಸೆಂಬರ್ ಮುಗಿಯುವುದಕ್ಕೂ ನಡುವೆ ಬರೆದ ಕಾಗದಗಳಿಗೆ ಸರಿಯಾದ ವರ್ಷ ಕೊಡುತ್ತಾರೆ. ಜನವರಿಯಿಂದ ಮುಂದಿನವನ್ನು ಒಂದು ವರ್ಷ ಹಿಂದೆ ತಳ್ಳುತ್ತಾರೆ. ಕೆಳತುದಿಯಲ್ಲಿ ಸಾಕ್ಷಿಗಳು, ಹೆಬ್ಬೆಟ್ಟು, ಬರೆದವನ ಕೈ ಯಾರದೆಂಬ ಒಂದು ಸಾಲು.

ಕೋರ್ಟ್ ಫೀ ಚೀಟಿಯಾದರೆ ಮತ್ತೊಂದು ಗುರುತು ಇರುತ್ತದೆ, ತೂತು. 1870ರ ಕಾಯ್ದೆಯ 30ನೇ ಕಲಮಿನಂತೆ ಮೌಲ್ಯದ ಅಂಕಿ ಉಳಿಯುವ ಹಾಗೆ ಚೀಟಿಯ ಚಿತ್ರದ ತಲೆಯನ್ನು ತೂತು ಹೊಡೆದು ತೆಗೆಯಬೇಕು, ತೆಗೆದ ತುಂಡನ್ನು ಸುಡಬೇಕು ಅಥವಾ ನಾಶ ಮಾಡಬೇಕು. ಅಂದರೆ ನ್ಯಾಯವಾಗಿ ಬಳಕೆಯಾದ ಚೀಟಿ ಹರಿದೇ ಇರಬೇಕು. ಅಂಚೆ ಚೀಟಿಯ ಲೋಕದಿಂದ ಬಂದ ಸಂಗ್ರಾಹಕನಿಗೆ ತೂತು ಎಂದರೆ ದೋಷ, ಬೆಲೆ ಇಳಿಸುವ ಕಾರಣ. ಹೀಗಾಗಿ ಕೆಲಸ ಮಾಡಿದ ಚೀಟಿಗಿಂತ ಪೆಟ್ಟಿಗೆಯಲ್ಲಿ ಮಲಗಿದ್ದ ಬಳಸದ ಚೀಟಿ ದುಬಾರಿಯಾಗುತ್ತದೆ.

ಹತ್ತೊಂಬತ್ತನೇ ಶತಮಾನದ ಹವ್ಯಾಸಿಗಳು ಅಂಚೆ ಚೀಟಿಯ ಜೊತೆಗೇ ತೆರಿಗೆ ಚೀಟಿಗಳನ್ನೂ ಆಲ್ಬಮಿನಲ್ಲಿ ಅಂಟಿಸುತ್ತಿದ್ದರು. ಬರಬರುತ್ತ ಕ್ಯಾಟಲಾಗುಗಳು ತೆರಿಗೆ ಚೀಟಿಗಳನ್ನು ಕೈಬಿಟ್ಟವು, ಕೊಳ್ಳುವವರೂ ಕೈಬಿಟ್ಟರು. 1915ರಲ್ಲಿ ಫ್ರಾನ್ಸಿನ ಫೋರ್ಬಿನ್ ಜಗತ್ತಿನ ತೆರಿಗೆ ಚೀಟಿಗಳ ದೊಡ್ಡ ಪಟ್ಟಿ ಪ್ರಕಟಿಸಿದ ನಂತರ ದಶಕಗಳ ಕಾಲ ಈ ಕ್ಷೇತ್ರ ಬಹುತೇಕ ಬೀಳುಬಿದ್ದಿತ್ತು. ಭಾರತದ ಸಂಸ್ಥಾನಗಳ ಮಟ್ಟಿಗೆ ತಿರುವು ಬಂದದ್ದು 1983ರಲ್ಲಿ. ಅಡಾಲ್ಫ್ ಕೆಪ್ಪೆಲ್ ಮತ್ತು ರೇಮಂಡ್ ಮ್ಯಾನರ್ಸ್ ಎಂಬಿಬ್ಬರು ನ್ಯೂಯಾರ್ಕಿನಿಂದ ಸಂಸ್ಥಾನಗಳ ಕೋರ್ಟ್ ಫೀ ಹಾಗೂ ರೆವೆನ್ಯೂ ಮುದ್ರಾಂಕಗಳ ಕೋಶ ಹೊರತಂದರು. ಅಂಟು ಚೀಟಿಗಳು ಮೊದಲ ಸಂಪುಟದಲ್ಲಿ, ಛಾಪಾ ಕಾಗದ ಆಮೇಲಿನದರಲ್ಲಿ. ಅಲ್ಲಿಂದ ಮುಂದೆ ಮಾರುವವನೂ ಕೊಳ್ಳುವವನೂ ಇವರು ಕೊಟ್ಟ ಸಂಖ್ಯೆಯನ್ನೇ ಹೇಳತೊಡಗಿದರು. ಸಂಖ್ಯೆ ಸಿಕ್ಕ ಮೇಲೆ ದರ ಸಿಗುವುದು ತಡವಾಗುವುದಿಲ್ಲ.

ಇದೇ ಕಥೆ ಅಮೆರಿಕದಲ್ಲಿ ಬೇಸ್‌ಬಾಲ್ ಕಾರ್ಡುಗಳ ವಿಷಯದಲ್ಲಿ ಮೊದಲೇ ನಡೆದಿತ್ತು. ಸಿಗರೇಟು ಪ್ಯಾಕಿನೊಳಗೆ ಬಿಟ್ಟಿಯಾಗಿ ಬರುತ್ತಿದ್ದ ಆಟಗಾರರ ಚಿತ್ರಗಳವು. ಜೆಫರ್ಸನ್ ಬರ್ಡಿಕ್ ಎಂಬ ಸಂಗ್ರಾಹಕ 1939ರಿಂದ ಅವಕ್ಕೆ ಅಕ್ಷರ-ಅಂಕಿಯ ವರ್ಗೀಕರಣ ಕೊಟ್ಟ. 1909–11ರ ತಂಬಾಕು ಕಾರ್ಡುಗಳ ಒಂದು ಮಾಲೆ ಇಂದಿಗೂ ಅವನು ಇಟ್ಟ ‘ಟಿ206’ ಎಂಬ ಹೆಸರಿನಿಂದಲೇ ನಡೆಯುತ್ತದೆ. ಆ ಮಾಲೆಯ ಹೋನಸ್ ವ್ಯಾಗ್ನರ್ ಕಾರ್ಡೊಂದು 2022ರಲ್ಲಿ 72.5 ಲಕ್ಷ ಡಾಲರಿಗೆ ಮಾರಾಟವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ 1952ರ ಮಿಕ್ಕಿ ಮ್ಯಾಂಟಲ್ ಕಾರ್ಡು ಹರಾಜಿನಲ್ಲಿ 1.26 ಕೋಟಿ ಡಾಲರ್ ತಂದಿತು. ಬರ್ಡಿಕ್ ಮಾತ್ರ ತನ್ನ ಮೂರು ಲಕ್ಷಕ್ಕೂ ಹೆಚ್ಚು ಕಾಗದದ ವಸ್ತುಗಳನ್ನು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ದಾನ ಕೊಟ್ಟು, ತಾನೇ ಕೂತು ಆಲ್ಬಮುಗಳಿಗೆ ಅಂಟಿಸಿ, ಆ ಕೆಲಸ ಮುಗಿದ ಕೆಲವೇ ವಾರಗಳಲ್ಲಿ 1963ರಲ್ಲಿ ತೀರಿಕೊಂಡ.

ಎರಡಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬೇಸ್‌ಬಾಲ್ ಕಾರ್ಡನ್ನು ಪ್ಯಾಕಿನಿಂದ ತೆಗೆದರೆ ಕಾರ್ಡಿಗೆ ಏನೂ ಆಗುವುದಿಲ್ಲ; ಸಿಗರೇಟು ಯಾರು ಸೇದಿದರೆಂಬುದು ಯಾರಿಗೂ ಬೇಡ. ಛಾಪಾ ಕಾಗದ ಹಾಗಲ್ಲ. ಆಲ್ಬಮಿನ ಪುಟ ಚಿಕ್ಕದು, ಹಾಳೆ ದೊಡ್ಡದು, ಕ್ಯಾಟಲಾಗು ತೋರಿಸುವುದು ತಲೆಯ ಲಾಂಛನವನ್ನು. ಹೀಗೆ ಲಾಂಛನದ ಭಾಗವನ್ನು ಚೌಕಾಗಿ ಕತ್ತರಿಸಿ ಉಳಿದದ್ದನ್ನು ರದ್ದಿಗೆ ಹಾಕುವ ಪದ್ಧತಿ ಬೆಳೆಯಿತು. ಕತ್ತರಿಯಿಂದ ಉಳಿದದ್ದು ಜಮಖಂಡಿ ಸಂಸ್ಥಾನ ಒಂದಿತ್ತು ಎಂಬ ಸಂಗತಿ, ಅದು ಮೊದಲೇ ಗೊತ್ತಿದ್ದದ್ದು. ಹೋದದ್ದು ವೆಂಡರನ ಕೈಬರಹ, ಬನಹಟ್ಟಿಯ ನೇಕಾರ ಯಾರಿಂದ ಎಷ್ಟು ಬಡ್ಡಿಗೆ ಸಾಲ ತಂದ, ಹೊಲ ಯಾರ ಕೈಯಿಂದ ಯಾರ ಕೈಗೆ ಹೋಯಿತು ಎಂಬ ವಿವರ. ಎರಡು ಪ್ರಭುತ್ವದ ಹಾಳೆಗೆ ಕತ್ತರಿ ಬಿದ್ದರಂತೂ ಎರಡು ಸಾಮಾನ್ಯ ಚೌಕಗಳು ಎರಡು ಬೇರೆ ಆಲ್ಬಮಿಗೆ ಹೋಗುತ್ತವೆ. ಅವು ಒಂದೇ ಕಾಗದದ ಮೇಲಿದ್ದವು ಎಂದು ಹೇಳಲು ಯಾವ ಸಾಕ್ಷಿಯೂ ಉಳಿಯುವುದಿಲ್ಲ.

ಪಟವರ್ಧನರ ಕಾಗದಗಳನ್ನೇ ಇನ್ನೊಂದು ಬಗೆಯಲ್ಲಿ ಕೂಡಿಹಾಕಿದವರು ಮಿರಜಿನ ವಾಸುದೇವಶಾಸ್ತ್ರಿ ಖರೆ. ಆ ಮನೆತನದ ಪತ್ರಗಳನ್ನು ಓದಿ, ತೇದಿ ಹೊಂದಿಸಿ, ‘ಐತಿಹಾಸಿಕ ಲೇಖ ಸಂಗ್ರಹ’ ಎಂಬ ಹೆಸರಿನಲ್ಲಿ ಸಂಪುಟದ ಮೇಲೆ ಸಂಪುಟ ಪ್ರಕಟಿಸುತ್ತ 1924ರಲ್ಲಿ ಕಾಲವಾದರು. ಅವರಿಗೆ ಬೇಕಾದದ್ದು ಒಕ್ಕಣೆ. ಅವರದು ಸರದಾರರ, ಸೇನೆಯ, ಪೇಶ್ವೆಯ ರಾಜಕಾರಣದ ಒಕ್ಕಣೆ. ಒಂದೆರಡು ರೂಪಾಯಿ ಛಾಪಾದ ಮೇಲೆ ಹೆಬ್ಬೆಟ್ಟೊತ್ತಿದವನ ಪತ್ರ ಆ ಯೋಜನೆಯ ವ್ಯಾಪ್ತಿಗೆ ಬರಲಿಲ್ಲ. ಇತಿಹಾಸಕಾರ ಬಿಟ್ಟದ್ದನ್ನು ಸಂಗ್ರಾಹಕ ಎತ್ತಿಕೊಂಡ, ಎತ್ತಿಕೊಂಡು ಅರ್ಧ ಕತ್ತರಿಸಿದ.

ಇನ್ನು ಪೇಟೆ. ನಮ್ಮ ಕಡೆ ಲಿಲಾವು ಎಂದರೆ ಜನರಿಗೆ ನೆನಪಾಗುವುದು ಮಹಾಲಿಂಗಪುರದ ಬೆಲ್ಲದ ಅಡತಿ. ಅಲ್ಲಿ ಪೆಂಟೆಯನ್ನು ಎದುರಿಗೇ ಇಟ್ಟು, ಮುರಿದು ನೋಡಿ ದರ ಕೂಗುತ್ತಾರೆ. ಮುದ್ರಾಂಕದ ಹರಾಜಿನಲ್ಲಿ ಸರಕನ್ನು ಮುಟ್ಟದೆ, ಛಾಯಾಚಿತ್ರ ಮತ್ತು ಎರಡು ಸಾಲಿನ ವಿವರಣೆ ನೋಡಿ ಬಿಡ್ ಹಾಕುವುದೇ ಹೆಚ್ಚು. ಕೂಗು ನಿಂತ ದರದ ಮೇಲೆ ಹರಾಜು ಸಂಸ್ಥೆಯ ಕಮಿಷನ್ನು, ಜಿಎಸ್‌ಟಿ ಬೇರೆ. ಬೆಂಗಳೂರು, ಮುಂಬಯಿಗಳ ಹೆಸರಾಂತ ಹರಾಜುಗಳಲ್ಲಿ ರಾಜಮರ್ಯಾದೆ ಏನಿದ್ದರೂ ನಾಣ್ಯಕ್ಕೆ, ನೋಟಿಗೆ. ಸಣ್ಣ ಸಂಸ್ಥಾನದ ಮುದ್ರಾಂಕಗಳು ಹಲವು ಸಂಸ್ಥಾನಗಳದ್ದನ್ನು ಸೇರಿಸಿದ ಮಿಶ್ರ ಲಾಟುಗಳಲ್ಲಿ ಸಾಗುವುದು ಸಾಮಾನ್ಯ. ‘ದಕ್ಷಿಣ ಮರಾಠಾ ಸಂಸ್ಥಾನಗಳು’ ಎಂಬ ಒಂದು ಸಾಲಿನಡಿ ರಬಕವಿಯ ಕಾಗದವನ್ನು ಸಾಂಗಲಿಯವನು ಸಾಂಗಲಿಯದೆಂದೇ ಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಅದು ಸರಿಯೇ. ಆದರೆ ಬಾಗಲಕೋಟೆ ಜಿಲ್ಲೆಯ ನೇಕಾರಿಕೆಯ ಇತಿಹಾಸ ಹುಡುಕುವವನ ಕಣ್ಣಿಗೆ ಅದು ಬೀಳುವುದೇ ಇಲ್ಲ.

ಖಾಲಿ ಛಾಪಾ ಕಾಗದದ್ದು ಪ್ರತ್ಯೇಕ ಸಮಸ್ಯೆ. ಬರೆಯದ ಹಳೆಯ ಹಾಳೆ ಸಂಗ್ರಾಹಕನಿಗೆ ಅಚ್ಚುಕಟ್ಟಾದ ಮಾದರಿ. ಜಮೀನಿನ ವ್ಯಾಜ್ಯವಿರುವವನಿಗೆ ಹಳೆ ತೇದಿ ಹಾಕಿ ಹೊಸ ಪತ್ರ ಸೃಷ್ಟಿಸುವ ಆಸೆ. ಇಂಥ ಹಾಳೆಯಲ್ಲಿ ಮೊದಲು ನೋಡಬೇಕಾದದ್ದು ವೆಂಡರನ ಷರಾ ಇದೆಯೇ, ಅದರ ಶಾಯಿಯೂ ಒಕ್ಕಣೆಯ ಶಾಯಿಯೂ ಕಾಗದದೊಳಗೆ ಒಂದೇ ತೆರನಾಗಿ ಇಳಿದಿವೆಯೇ, ಮಡಿಕೆಯ ಗೆರೆ ಅಕ್ಷರದ ಮೇಲೆ ಹಾದಿದೆಯೋ ಅಕ್ಷರವೇ ಮಡಿಕೆಯ ಮೇಲೆ ಹಾದಿದೆಯೋ ಎಂಬುದನ್ನು. ಛಾಪಾ ಕಾಗದದ ವಂಚನೆಗೆ ಕರ್ನಾಟಕದಲ್ಲಿ ಬೇರೆ ಉದಾಹರಣೆ ಬೇಡ. ಖಾನಾಪುರದ ಅಬ್ದುಲ್ ಕರೀಂ ತೆಲಗಿಯ ಹಗರಣ ದೇಶವನ್ನೇ ನಡುಗಿಸಿತು. ಅದರ ನಂತರ ಸರಕಾರ ಇ-ಸ್ಟ್ಯಾಂಪಿಂಗ್ ಕಡೆ ಹೊರಳಿತು. ಮುದ್ರಿತ ಛಾಪಾ ಕಾಗದ ದಿನಬಳಕೆಯಿಂದ ಮರೆಯಾದಂತೆ ಹಳೆಯದರ ಮೇಲಿನ ಕುತೂಹಲ ಹೆಚ್ಚುವುದು ಸಹಜ.

ಸರಕು ಹೊರಬೀಳುವ ಕಾರಣಗಳೂ ಈ ಸೀಮೆಯಲ್ಲಿ ಕಡಿಮೆಯೇನಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಬಿಳಗಿ ತಾಲ್ಲೂಕಿನ ಹಳ್ಳಿಗಳು ಮುಳುಗಿದಾಗ ಮನೆಮನೆಯ ಪೆಟ್ಟಿಗೆಗಳನ್ನು ತೆರೆಯಲೇಬೇಕಾಯಿತು. ಪರಿಹಾರಕ್ಕೆ ಬೇಕಾದ ಉತಾರ, ಪತ್ರಗಳನ್ನು ಜನ ಜೋಪಾನ ಮಾಡುತ್ತಾರೆ. ಓದಲು ಬಾರದ ಮೋಡಿಯ ಹಾಳೆಗಳಿಗೆ ಆ ಮರ್ಯಾದೆ ಸಿಗುವುದು ಅಪರೂಪ.

ಹೀಗೆ ಹೊರಬಿದ್ದ ಕಾಗದ ದೇಶದಾಚೆ ಹೋಗಬಹುದೇ ಎಂಬುದಕ್ಕೆ ಅದರ ವಯಸ್ಸು ಮುಖ್ಯ. ಜಮಖಂಡಿ ಸಂಸ್ಥಾನ 1948ರ ಮಾರ್ಚ್ 8ರಂದು ಭಾರತದಲ್ಲಿ ವಿಲೀನವಾಯಿತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯ್ದೆಯಡಿ ವೈಜ್ಞಾನಿಕ, ಐತಿಹಾಸಿಕ, ಸಾಹಿತ್ಯಿಕ ಅಥವಾ ಸೌಂದರ್ಯದ ಮೌಲ್ಯವುಳ್ಳ ಹಸ್ತಪ್ರತಿ, ದಾಖಲೆಗಳಿಗೆ ನಿಗದಿಯಾದ ವಯಸ್ಸು 75 ವರ್ಷ. ಆ ವಯಸ್ಸು ದಾಟಿದ್ದನ್ನು ಖಾಸಗಿಯವರು ದೇಶದ ಹೊರಗೆ ಸಾಗಿಸುವಂತಿಲ್ಲ. ಜಮಖಂಡಿ ಸರಕಾರದ ಹೆಸರಿನಲ್ಲಿ ಚಲಾವಣೆಯಾದ ಕೊನೆಯ ಕಾಗದಕ್ಕೂ 2023ರ ಮಾರ್ಚ್‌ಗೆ 75 ತುಂಬಿದೆ. ಒಕ್ಕಣೆ ಸಹಿತವಾದ ಹಾಳೆಯನ್ನು ಐತಿಹಾಸಿಕ ದಾಖಲೆ ಎಂದು ವಾದಿಸಲು ಈಗ ವಯಸ್ಸಿನ ಅಡ್ಡಿಯಿಲ್ಲ. ಅದರಿಂದ ಕತ್ತರಿಸಿ ತೆಗೆದ ಲಾಂಛನದ ಚೌಕಕ್ಕೆ ಮಾತ್ರ ಅದೇ ವಾದ ಹೂಡುವುದು ಕಷ್ಟ. ಪೂರ್ತಿ ಹಾಳೆ ಹೊರದೇಶಕ್ಕೆ ಹೋಗಲು ಕಾನೂನು ತಡೆದರೆ ಚೌಕಗಳಷ್ಟೇ ಹೋಗಬಲ್ಲವು. ಕತ್ತರಿ ಹಿಡಿದವನಿಗೆ ಇದು ಹೊಸದೊಂದು ನೆಪ.