ಡಾಡ್ಜ್‌ನ ಹೊಟ್ಟೆಯಲ್ಲಿ ಡೀಸೆಲ್

ಹಳೆಯ ಮೋಟಾರು ಕಾರುಗಳ ಪ್ರದರ್ಶನ ಬೆಂಗಳೂರಿನಲ್ಲಿ ಎಲ್ಲೇ ನಡೆಯಲಿ, ಅಲ್ಲಿ ಸೇರುವ ಜನರಲ್ಲಿ ಎರಡು ತಲೆಮಾರು ಎದ್ದು ಕಾಣುತ್ತವೆ. ಹಿರಿಯರು ಅಗಲವಾದ ಅಮೆರಿಕನ್ ಕಾರಿನ ಮುಂದೆ ನಿಂತು, ‘ನಮ್ಮೂರ ಡಾಕ್ಟರ ಹತ್ತಿರ ಇಂಥದೇ ಇತ್ತು’ ಎನ್ನುತ್ತಾರೆ. ವಿಜಯನಗರ, ಬಸವೇಶ್ವರನಗರದ ಕಡೆಯಿಂದ ಬೈಕಿನಲ್ಲಿ ಬಂದ ಹುಡುಗರ ಮೊದಲ ಪ್ರಶ್ನೆ ಬೇರೆ: ‘ಎಷ್ಟು ಕೊಡುತ್ತೆ?’ ಲೀಟರಿಗೆ ನಾಲ್ಕೈದು ಕಿಲೋಮೀಟರ್ ಎಂದರೆ ನಗುತ್ತಾರೆ. ಅವರಲ್ಲೇ ಸ್ವಲ್ಪ ಓದಿಕೊಂಡು ಬಂದವನು ಎರಡನೆಯ ಪ್ರಶ್ನೆ ಹಾಕುತ್ತಾನೆ: ‘ಎಂಜಿನ್ ಒರಿಜಿನಲ್ಲಾ?’ ಅಲ್ಲ ಎಂದು ತಿಳಿದರೆ ಮುಖ ಸಣ್ಣದು ಮಾಡಿಕೊಂಡು ಮುಂದಿನ ಕಾರಿನತ್ತ ನಡೆಯುತ್ತಾನೆ.

ಮೊದಲ ಪ್ರಶ್ನೆಯದು ಹೆಚ್ಚಿನ ತಕರಾರಲ್ಲ. ಎರಡನೆಯದರ ಹಿಂದೆ ಮಾತ್ರ ನಮ್ಮ ಊರಿನ ಚರಿತ್ರೆಯ ಒಂದು ತುಂಡು ಸಿಕ್ಕಿಕೊಂಡಿದೆ.

ನಗುವುದಕ್ಕೆ ಕಾರಣ ಇಲ್ಲದಿಲ್ಲ. ಬಾಲಕ್ಕೆ ಮೀನಿನ ರೆಕ್ಕೆ ಅಂಟಿಸಿದಂತಿರುವ 1959ರ ಕ್ಯಾಡಿಲಾಕ್ ಹದಿನೆಂಟು ಅಡಿಗೂ ಉದ್ದ. ಅದರ ಎಂಜಿನ್ ಆರೂವರೆ ಲೀಟರಿಗೆ ತುಸು ಕಡಿಮೆ. ನಮ್ಮ ಮಾರುತಿ 800ರ ಎಂಟು ಎಂಜಿನುಗಳನ್ನು ಒಟ್ಟುಗೂಡಿಸಿದಷ್ಟು. ರಾಜಾಜಿನಗರದ ಅಡ್ಡರಸ್ತೆಗಳಲ್ಲಿ ಅದನ್ನು ತಿರುಗಿಸುವುದೆಂದರೆ ಓಣಿಯಲ್ಲಿ ತೇರು ತಿರುಗಿಸಿದಂತೆ. ಸುರಕ್ಷತೆಯ ಮಾತಿನಲ್ಲೂ ಹುಡುಗರೇ ಸರಿ. ‘ಹಳೇ ಕಾಲದ ಗಟ್ಟಿ ತಗಡು’ ಎಂದು ಹಿರಿಯರು ಬೀಗುತ್ತಾರಲ್ಲ, 2009ರಲ್ಲಿ ಅಮೆರಿಕದ ವಿಮಾ ಕಂಪನಿಗಳ ಸಂಸ್ಥೆಯೊಂದು 1959ರ ಷೆವರ್ಲೆ ಬೆಲ್ ಏರ್ ಕಾರನ್ನು 2009ರ ಷೆವರ್ಲೆ ಮಾಲಿಬು ಕಾರಿಗೆ ಎದುರುಬದುರಾಗಿ ಡಿಕ್ಕಿ ಹೊಡೆಸಿ ನೋಡಿತು. ಹಳೆಯ ಕಾರಿನೊಳಗಿನ ಗೊಂಬೆ ಚಾಲಕ ಬದುಕುವಂತಿರಲಿಲ್ಲ. ಹೊಸದರಲ್ಲಿದ್ದ ಗೊಂಬೆಗೆ ಕಾಲಿಗಷ್ಟೇ ಪೆಟ್ಟು. ಅಮೆರಿಕನ್ನರೇ ತಮ್ಮ ಕಾರುಗಳನ್ನು ಬೈದುಕೊಂಡದ್ದೂ ಇಂದು ನಿನ್ನೆಯದಲ್ಲ. ರಾಲ್ಫ್ ನೇಡರ್ ಎಂಬ ವಕೀಲ 1965ರಲ್ಲಿ ಬರೆದ ಪುಸ್ತಕದ ಬಿಸಿಯಿಂದಲೇ ಮರುವರ್ಷ ಅಲ್ಲಿ ವಾಹನ ಸುರಕ್ಷತೆಯ ಕಾನೂನು ಬಂತು.

ಆದರೆ ‘ಐಷಾರಾಮಿ ಕಾರು’ ಎಂಬ ಮಾತಿನಲ್ಲೇ ಒಂದು ತೊಡಕಿದೆ. ನಮ್ಮಲ್ಲಿ ಸಿರಿವಂತಿಕೆಗೆ ಇನ್ನೊಂದು ಹೆಸರಾಗಿದ್ದದ್ದು ಇಂಪಾಲಾ. ಸಿನಿಮಾದ ಖಳನಾಯಕ ಅದರಿಂದಲೇ ಇಳಿಯಬೇಕು. ಅಮೆರಿಕದಲ್ಲಿ ಅದು ಮಧ್ಯಮವರ್ಗದ ಸಂಸಾರಸ್ಥರ ಕಾರು. 1965 ಒಂದೇ ವರ್ಷದ ಮಾದರಿ ಹತ್ತು ಲಕ್ಷಕ್ಕೂ ಹೆಚ್ಚು ಮಾರಾಟವಾಗಿತ್ತು. ಅದು ನಮಗೆ ವೈಭವವಾಗಿ ಕಂಡದ್ದು ಆಮದಿನ ಬಾಗಿಲು ಮುಚ್ಚಿದ್ದರಿಂದ. ವಿದೇಶಿ ರಾಯಭಾರ ಕಚೇರಿಗಳು ಬಳಸಿ ಬಿಟ್ಟ ಕಾರುಗಳು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಮೂಲಕ ವಿಲೇವಾರಿಯಾಗುತ್ತಿದ್ದವು. ಎಡಗಡೆ ಸ್ಟಿಯರಿಂಗ್ ಇರುವ ಕಾರುಗಳು ಬಹುಮಟ್ಟಿಗೆ ಹೀಗೆ ಬಂದವು.

ಅದಕ್ಕಿಂತ ಹಿಂದಿನ ಕಾರುಗಳ ಕಥೆಯೇ ಬೇರೆ. ಅವುಗಳನ್ನು ಇಲ್ಲಿಯವರು ಕೊಂಡದ್ದು ವೈಭವಕ್ಕಿಂತ ಹೆಚ್ಚಾಗಿ ರಸ್ತೆಗೆ ಹೆದರಿ. ಬ್ರಿಟನ್ನಿನಲ್ಲಿ 1921ರಿಂದ ಕಾರಿನ ತೆರಿಗೆಯನ್ನು ಸಿಲಿಂಡರಿನ ಅಗಲ ಅಳೆದು ಹಾಕುತ್ತಿದ್ದರು. ಹೀಗಾಗಿ ಅಲ್ಲಿನ ಸಾಮಾನ್ಯರ ಕಾರುಗಳ ಎಂಜಿನ್ ಸಣ್ಣದಾಯಿತು, ಗೇರು ಬದಲಿಸುವ ಕೆಲಸ ಹೆಚ್ಚಾಯಿತು. ಅಮೆರಿಕದಲ್ಲಿ ಪೆಟ್ರೋಲು ಅಗ್ಗ, ಹಳ್ಳಿಯ ರಸ್ತೆ ಕೆಟ್ಟದ್ದು. ನೆಲದಿಂದ ಎತ್ತರದಲ್ಲಿ ನಿಂತ, ನಿಧಾನವಾಗಿ ತಿರುಗಿಯೂ ಬಲವಾಗಿ ಎಳೆಯುವ ದೊಡ್ಡ ಎಂಜಿನಿನ ಕಾರು ಅಲ್ಲಿ ಹುಟ್ಟಿತು. ಚಿಕ್ಕಮಗಳೂರು, ಕೊಡಗಿನ ತೋಟದ ದಾರಿಗಳಿಗೂ ಘಟ್ಟದ ತಿರುವುಗಳಿಗೂ ಹೇಳಿ ಮಾಡಿಸಿದಂಥ ಗುಣ ಅದು. ಫೋರ್ಡ್ ಕಂಪನಿ 1926ರಲ್ಲಿ ಭಾರತಕ್ಕೆ ಕಾಲಿಟ್ಟಿತು. ಅದರ ಕಾರುಗಳು ಬರುತ್ತಿದ್ದದ್ದು ಕೆನಡಾದ ಫೋರ್ಡ್ ಮೂಲಕ, ಬಲಗಡೆ ಸ್ಟಿಯರಿಂಗ್ ಸಮೇತ. ಜನರಲ್ ಮೋಟಾರ್ಸ್ 1928ರಲ್ಲಿ ಮುಂಬಯಿಯಲ್ಲಿ ಜೋಡಣಾ ಕಾರ್ಖಾನೆ ತೆರೆಯಿತು.

ಇಂಥ ಕಾರು ಬೆಂಗಳೂರಿನಲ್ಲೇ ತಯಾರಾಗುವ ಸಂದರ್ಭವೊಂದು ಕೈಗೆ ಬಂದು ತಪ್ಪಿಹೋಯಿತು ಎಂಬುದು ಇಂದು ಎಷ್ಟು ಜನಕ್ಕೆ ನೆನಪಿದೆಯೋ. ಸರ್ ಎಂ. ವಿಶ್ವೇಶ್ವರಯ್ಯನವರು ಎಪ್ಪತ್ತು ದಾಟಿದ ಮೇಲೆ, 1935ರಲ್ಲಿ, ಯೂರೋಪು ಮತ್ತು ಅಮೆರಿಕಗಳನ್ನು ಸುತ್ತಿ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದು, ಭಾರತದಲ್ಲೇ ಕಾರು ತಯಾರಿಸುವ ಯೋಜನೆಯೊಂದನ್ನು ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅದನ್ನು ಕೈಗೆತ್ತಿಕೊಂಡರು. ಮೈಸೂರು ಸರ್ಕಾರ ಪಾಲುದಾರನಾಗಲು ಸಿದ್ಧವಿತ್ತು. ಬ್ರಿಟಿಷ್ ಸರ್ಕಾರ ಒಪ್ಪಲಿಲ್ಲ. ಕಾರಿನ ಮಾತುಕತೆಗೆಂದು 1939ರಲ್ಲಿ ಅಮೆರಿಕಕ್ಕೆ ಹೋಗಿದ್ದ ವಾಲ್‌ಚಂದ್ ಅವರಿಗೆ ವಿಮಾನದಲ್ಲಿ ವಿಲಿಯಂ ಪಾಲಿ ಎಂಬ ವಿಮಾನ ವ್ಯಾಪಾರಿಯ ಪರಿಚಯವಾಯಿತು. ಅದರ ಫಲ, 1940ರ ಡಿಸೆಂಬರಿನಲ್ಲಿ ಮೈಸೂರು ಸರ್ಕಾರದ ಪಾಲಿನೊಂದಿಗೆ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್. ಕಾರು ಕೇಳಿದ ಊರಿಗೆ ವಿಮಾನ ಬಂತು! ಕಾರಿನ ಕಾರ್ಖಾನೆ ಪ್ರೀಮಿಯರ್ ಆಟೊಮೊಬೈಲ್ಸ್ ಎಂಬ ಹೆಸರಿನಲ್ಲಿ 1944ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾಯಿತು. ಅಮೆರಿಕದ ಕ್ರೈಸ್ಲರ್ ಕಂಪನಿಯ ಡಾಡ್ಜ್, ಪ್ಲಿಮತ್, ಡಿಸೋಟೊಗಳನ್ನು ಅದು ಜೋಡಿಸತೊಡಗಿತು. ಹೆಸರು ಮೂರಾದರೂ ಬಹುಪಾಲು ಒಂದೇ ಕಾರು. ಬದಲಾಗುತ್ತಿದ್ದದ್ದು ಮುಖದ ಜಾಲರಿ ಮತ್ತು ಬಿಲ್ಲೆ.

ಸರ್ಕಾರ 1953ರಲ್ಲಿ ತಳೆದ ನೀತಿ ಎಂದರೆ, ದೇಶದೊಳಗೆ ಹಂತಹಂತವಾಗಿ ತಯಾರಿಸುವವರಿಗಷ್ಟೇ ಜಾಗ. ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಗಂಟುಮೂಟೆ ಕಟ್ಟಿದವು. ಪ್ರೀಮಿಯರ್ ಕೂಡ ಫಿಯಟ್ಟಿನತ್ತ ತಿರುಗಿತು. ರಸ್ತೆಯಲ್ಲಿ ಉಳಿದ ಅಮೆರಿಕನ್ ಕಾರುಗಳು ತವರಿನ ನೆಂಟು ಕಡಿದುಕೊಂಡು ವಯಸ್ಸಾಗತೊಡಗಿದವು. ಅದೇ ಕಂಪನಿಯ ಡಾಡ್ಜ್, ಫಾರ್ಗೊ ಲಾರಿಗಳಲ್ಲೂ ಅದೇ ಬಗೆಯ ಆರು ಸಿಲಿಂಡರಿನ ಎಂಜಿನ್ ಇದ್ದದ್ದರಿಂದ ಬಿಡಿಭಾಗ ಕೆಲಕಾಲ ಸಿಕ್ಕಿತು. ಆಮೇಲೆ ಗುಜರಿಯೇ ಗತಿ. ಅಷ್ಟರಲ್ಲಿ 1973ರ ಅಕ್ಟೋಬರಿನಲ್ಲಿ ಅರಬ್ ದೇಶಗಳು ತೈಲಕ್ಕೆ ಕಡಿವಾಣ ಹಾಕಿದವು. ಪೆಟ್ರೋಲಿನ ಬೆಲೆ ಏರಿದ ಆ ದಿನಗಳಲ್ಲಿ ಲೀಟರಿಗೆ ಐದು ಕಿಲೋಮೀಟರ್ ಓಡುವ ಕಾರನ್ನು ಸಾಕುವುದು ಆನೆ ಸಾಕಿದ ಹಾಗೆ. ಎಷ್ಟೋ ಕಾರುಗಳು ತೂಕದ ಲೆಕ್ಕದಲ್ಲಿ ಕಬ್ಬಿಣವಾಗಿ ಹೋದವು.

ಹೋಗದೆ ಉಳಿದವುಗಳ ಹೊಟ್ಟೆಗೆ ಡೀಸೆಲ್ ಎಂಜಿನ್ ಬಿತ್ತು. ಪರ್ಕಿನ್ಸ್ ಇರಲಿ, ಮೆಟಡೋರ್ ವ್ಯಾನಿನದಿರಲಿ, ಸಿಕ್ಕಿದ್ದನ್ನು ಹೊಂದಿಸುತ್ತಿದ್ದರು. ಇದು ಬಿಚ್ಚಿ ಕೂರಿಸುವಷ್ಟು ಸುಲಭದ ಕೆಲಸವಲ್ಲ. ಡೀಸೆಲ್ ಎಂಜಿನ್ ಭಾರ, ಆದ್ದರಿಂದ ಮುಂದಿನ ಸ್ಪ್ರಿಂಗನ್ನು ಬಲಪಡಿಸಬೇಕು. ಅದರ ನಡುಕ ಹೆಚ್ಚು, ಹಾಗಾಗಿ ಛಾಸಿಗೆ ಹೊಸ ಕಟ್ಟು ಬೆಸೆದು ದಪ್ಪ ರಬ್ಬರಿನ ಮೇಲೆ ಕೂರಿಸಬೇಕು. ಹೊಸ ಎಂಜಿನಿನ ಬೋಲ್ಟುಗಳಿಗೂ ಹಳೆಯ ಗೇರುಪೆಟ್ಟಿಗೆಯ ತೂತುಗಳಿಗೂ ಹೊಂದುವುದಿಲ್ಲ. ನಡುವೆ ಒಂದು ಉಕ್ಕಿನ ತಟ್ಟೆಯನ್ನು ಲೇತ್ ಮೇಲೆ ಕಡೆದು ಕೂರಿಸಬೇಕು. ಆ ತಟ್ಟೆಯ ನಡುಬಿಂದು ಕೂದಲೆಳೆಯಷ್ಟು ಜರುಗಿದರೂ ಬೇರಿಂಗ್ ಉಳಿಯುವುದಿಲ್ಲ. ಯುದ್ಧಕಾಲದ ಹಿಂದುಮುಂದಿನ ಅಮೆರಿಕನ್ ಕಾರುಗಳ ವಿದ್ಯುತ್ತು 6 ವೋಲ್ಟಿನದು, ಡೀಸೆಲ್ ಎಂಜಿನ್ನಿನ ಸ್ಟಾರ್ಟರಿಗೆ ಕನಿಷ್ಠ 12 ಬೇಕು. ಬಲ್ಬು, ಹಾರನ್ನು, ಡೈನಮೊ ಎಲ್ಲ ಬದಲಾಗಬೇಕು. ಇಷ್ಟಕ್ಕೂ ನಕ್ಷೆಯಿಲ್ಲ, ಕೈಪಿಡಿಯಿಲ್ಲ. ಇರುವುದು ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಅಳತೆ.

ಇಂಥ ಕೈಗಳು ಬೆಂಗಳೂರಿನಲ್ಲಿ ಹೇಗೆ ಬಂದವು? ವಿಮಾನ ಕಾರ್ಖಾನೆ, ಅದರ ಹಿಂದೆಯೇ 1953ರಲ್ಲಿ ಎಚ್.ಎಂ.ಟಿ. ಈ ಊರಿಗೆ ಫಿಟ್ಟರುಗಳನ್ನೂ ಟರ್ನರುಗಳನ್ನೂ ಕೊಟ್ಟವು. ಇತ್ತ ಪಶ್ಚಿಮದಲ್ಲಿ, ರಾಜಾಜಿಯವರು ಗವರ್ನರ್ ಜನರಲ್ ಆಗಿದ್ದ 1949ರಲ್ಲಿ ಅವರ ಹೆಸರಿನಲ್ಲೇ ರೂಪುಗೊಂಡ ಕೈಗಾರಿಕಾ ಬಡಾವಣೆ ರಾಜಾಜಿನಗರ. ಅಲ್ಲಿಂದ ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯದವರೆಗೆ ಸಣ್ಣ ಸಣ್ಣ ಷೆಡ್ಡುಗಳಲ್ಲಿ ಲೇತುಗಳು ತಿರುಗತೊಡಗಿದವು. ಎಲ್ಲೂ ಸಿಗದ ಬುಷ್, ಪಿನ್ನು, ಗ್ಯಾಸ್ಕೆಟ್‌ಗಳನ್ನು ‘ಮಾದರಿ ತನ್ನಿ, ಮಾಡಿಕೊಡ್ತೀವಿ’ ಎನ್ನುವ ಮೇಸ್ತ್ರಿಗಳು ಇದ್ದದ್ದು ಇಂಥ ಷೆಡ್ಡುಗಳಲ್ಲೇ. ಬೆಂಗಳೂರಿಗೆ ಬಾರದೆ ಹೋದ ಕಾರಿನ ಕಾರ್ಖಾನೆಯ ಬದಲು ಬಂದದ್ದು ಬೆಳೆಸಿದ ಕಸುಬೇ, ಕೊನೆಗೆ ಆ ಡಾಡ್ಜ್‌ಗಳ ಜೀವ ಉಳಿಸಲು ಒದಗಿತು ಎಂದು ನನಗನ್ನಿಸುತ್ತದೆ.

ಈಗ ‘ಒರಿಜಿನಲ್ಲಾ?’ ಎಂಬ ಪ್ರಶ್ನೆಗೆ ಬರಬಹುದು. ಮೂಲ ಬಣ್ಣ, ಮೂಲ ಎಂಜಿನ್, ಮೂಲ ಬಟ್ಟೆಯ ಸೀಟು ಬೇಕೆಂಬ ಯುವ ಆಸಕ್ತರ ಹಟ ಒಳ್ಳೆಯದೇ. ಅದರಿಂದಾಗಿಯೇ ಎಷ್ಟೋ ಕಾರುಗಳ ಮೈಮೇಲಿನ ಕೆಟ್ಟ ಬಣ್ಣ ಕಳಚಿ, ಕ್ರೋಮ್ ಮತ್ತೆ ಹೊಳೆದಿದೆ. ಕೆಂಗೇರಿ ದಾಟಿ ಮೈಸೂರು ರಸ್ತೆಯಲ್ಲಿ ಮುಂದೆ ಹೋದರೆ ಶ್ರೀರಂಗಪಟ್ಟಣದ ಹತ್ತಿರ ‘ಪಯಣ’ ಕಾರು ಸಂಗ್ರಹಾಲಯವಿದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಕಾರುಗಳನ್ನು ಅಲ್ಲಿ ನೋಡಿದವರಿಗೆ ಈ ಶ್ರದ್ಧೆಯ ಬೆಲೆ ತಿಳಿಯುತ್ತದೆ. ಕಾನೂನೂ ಈಗ ಹುಡುಗರ ಪರವಾಗಿದೆ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ 50 ವರ್ಷ ದಾಟಿದ ಕಾರನ್ನು ‘ವಿಂಟೇಜ್’ ಎಂದು ನೋಂದಾಯಿಸಿ ‘ವಿಎ’ ಅಕ್ಷರಗಳಿರುವ ಸಂಖ್ಯೆ ಪಡೆಯಬಹುದು. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಷರತ್ತು ಒಂದು: ಕಾರು ಮೂಲ ರೂಪದಲ್ಲೇ ಇರಬೇಕು; ಛಾಸಿ, ಬಾಡಿ, ಎಂಜಿನ್ ಮಾರ್ಪಾಟಾಗಿರಬಾರದು.

ಅಂದರೆ ಗ್ಯಾರೇಜಿನಲ್ಲಿ ನಿಂತು ತುಕ್ಕು ಹಿಡಿದು, ಈಚೆಗೆ ದುಡ್ಡು ಸುರಿದು ಎಬ್ಬಿಸಿದ ಕಾರು ವಿಂಟೇಜ್. ಮೂವತ್ತು ವರ್ಷ ಡೀಸೆಲ್ ಕುಡಿದು ಮದುವೆಗೂ ಆಸ್ಪತ್ರೆಗೂ ಜನರನ್ನು ಹೊತ್ತ ಕಾರು ಏನೂ ಅಲ್ಲ. ಆದ್ದರಿಂದ ಆ ಎಂಜಿನನ್ನು ಕಿತ್ತು, ವಿದೇಶದಿಂದ ತರಿಸಿದ ಹಳೆಯ ಎಂಜಿನ್ ಕೂರಿಸುವ ಆಸೆ ಹುಟ್ಟುವುದು ಸಹಜ. ಕಿತ್ತ ಎಂಜಿನ್, ಆ ಉಕ್ಕಿನ ತಟ್ಟೆ, ಬೆಸೆದ ಕಟ್ಟು ಗುಜರಿಗೆ ಹೋಗುತ್ತವೆ. ಅವುಗಳನ್ನು ಮಾಡಿದ ಮೇಸ್ತ್ರಿ ಯಾರೆಂದು ಹೇಳುವವರೂ ಕಡಿಮೆಯಾಗುತ್ತಿದ್ದಾರೆ. ಕಾರು ಡೆಟ್ರಾಯಿಟಿನಲ್ಲಿ ಹೊರಟ ದಿನದಂತೆ ಆಗುತ್ತದೆ, ಅದು ನಮ್ಮಲ್ಲಿ ಬಾಳಿದ ಬಾಳು ಅಳಿಸಿಹೋಗುತ್ತದೆ. ಕಿತ್ತುಹಾಕುವ ಮುನ್ನ ನಾಲ್ಕು ಫೋಟೊ, ಒಂದು ಪುಟ ಬರಹವಾದರೂ ಕಾರಿನ ಕಾಗದಪತ್ರದ ಜೊತೆ ಸೇರಲಿ ಎಂದು ಕೇಳುವುದು ಹೆಚ್ಚಾಗಲಾರದು. ಪ್ರದರ್ಶನದಲ್ಲಿ ಕಾರಿನ ಮುಂದೆ ಇಡುವ ಫಲಕದಲ್ಲಿ ‘ಡೀಸೆಲ್ ಎಂಜಿನ್ ಜೋಡಿಸಿದ್ದು ಇಂಥಲ್ಲಿ, ಇಂಥ ವರ್ಷ’ ಎಂಬ ಒಂದು ಸಾಲಿಗೂ ಜಾಗ ಇದ್ದೇ ಇರುತ್ತದೆ.

ಕ್ಯೂಬಾ ದೇಶದಲ್ಲೂ ಇದೇ ಆಯಿತು. ಅಮೆರಿಕ 1960ರ ನಂತರ ವ್ಯಾಪಾರ ನಿಲ್ಲಿಸಿದ್ದರಿಂದ ಅಲ್ಲಿನ ಷೆವರ್ಲೆ, ಬ್ಯೂಕ್‌ಗಳಿಗೆ ಬಿಡಿಭಾಗ ಬರಲಿಲ್ಲ. ಹವಾನಾದ ಮೆಕ್ಯಾನಿಕ್ಕುಗಳು ರಷ್ಯದ ಎಂಜಿನ್ನು, ಡೀಸೆಲ್ ಎಂಜಿನ್ನು ಕೂರಿಸಿ ಓಡಿಸಿದರು. ಇಂದು ಲೋಕದ ಪ್ರವಾಸಿಗಳು ಅವುಗಳಲ್ಲಿ ಕೂತು ಸುತ್ತುವುದಕ್ಕೆಂದೇ ದುಡ್ಡು ಕೊಡುತ್ತಾರೆ. ನಮ್ಮ ಹುಡುಗರೂ ಹೋದರೆ ಅದರ ಪಕ್ಕದಲ್ಲಿ ನಿಂತೇ ಫೋಟೊ ತೆಗೆಸಿಕೊಳ್ಳುವುದು. ಆ ಕಾರುಗಳಲ್ಲಿ ಒಂದನ್ನು ಹಡಗಿನಲ್ಲಿ ತಂದು ರಾಜಾಜಿನಗರದ ಆರ್.ಟಿ.ಓ. ಕಚೇರಿಯ ಮುಂದೆ ನಿಲ್ಲಿಸಿದರೆ ಅದಕ್ಕೆ ‘ವಿಎ’ ಸಂಖ್ಯೆ ಸಿಗುವುದಿಲ್ಲ.