ಮಿಶ್ರ ಪೂರ್ಣಾಂಕ ಆಪ್ಟಿಮೈಸೇಶನ್ ಮತ್ತು ಮುಂಬೈ

ಕೆಲವು ನಿರ್ಧಾರಗಳು ಪೂರ್ಣಾಂಕವಾಗಿಯೇ ಇರಬೇಕು, ಉಳಿದವು ಭಿನ್ನರಾಶಿಯಾದರೂ ನಡೆದೀತು ಎನ್ನುವಂಥ ಲೆಕ್ಕಗಳಲ್ಲಿ ಅತ್ಯುತ್ತಮ ಉತ್ತರ ಹುಡುಕುವ ಗಣಿತ ಶಾಖೆಯೇ ಮಿಶ್ರ ಪೂರ್ಣಾಂಕ ಆಪ್ಟಿಮೈಸೇಶನ್. 1958ರಲ್ಲಿ ರಾಲ್ಫ್ ಗೊಮೊರಿ ಭಿನ್ನರಾಶಿ ಉತ್ತರಗಳನ್ನು ಕತ್ತರಿಸಿ ಹಾಕುವ ಛೇದಕ ಸಮತಲಗಳ ವಿಧಾನವನ್ನು ಪ್ರಕಟಿಸಿದರು. 1960ರಲ್ಲಿ ಲಂಡನ್ನಿನ ಐಲ್ಸಾ ಲ್ಯಾಂಡ್ ಮತ್ತು ಆಲಿಸನ್ ಡಾಯ್ಗ್, ಲೆಕ್ಕವನ್ನು ಕವಲೊಡೆಸಿ ಪ್ರಯೋಜನವಿಲ್ಲದ ಕವಲುಗಳನ್ನು ಕೈಬಿಡುವ ದಾರಿ ತೋರಿಸಿದರು. ಗೊಮೊರಿಯ ವಿಧಾನ ಬಹುಕಾಲ ಪುಸ್ತಕದ ಬದನೆಕಾಯಿಯೇ ಆಗಿತ್ತು. 1990ರ ದಶಕದಲ್ಲಿ ಅದಕ್ಕೆ ಮರುಜೀವ ಬಂತು. ಇಂಥ ಲೆಕ್ಕ ಬಿಡಿಸುವ ಇಂದಿನ ತಂತ್ರಾಂಶಗಳಾದ ಸಾಲ್ವರ್‌ಗಳಲ್ಲಿ ಎರಡೂ ಬೆರೆತಿವೆ.

ಮುಂಬೈಯ ನಂಟು ಹೆಚ್ಚಾಗಿ ಪವಾಯಿಯ ಐಐಟಿಯದು. 1978ರಲ್ಲಿ ಅಲ್ಲಿ ಪದವಿ ಪಡೆದ ನರೇಂದ್ರ ಕರ್ಮಾರ್ಕರ್, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ 1984ರಲ್ಲಿ ಒಳಬಿಂದು ವಿಧಾನವನ್ನು ಮಂಡಿಸಿದರು. ಕವಲೊಡೆಸುವ ಮೊದಲು ಪೂರ್ಣಾಂಕದ ಷರತ್ತು ಸಡಿಲಿಸಿ ಬಿಡಿಸುವ ದೊಡ್ಡ ರೇಖೀಯ ಲೆಕ್ಕಕ್ಕೆ ಆ ಜಾತಿಯ ವಿಧಾನಗಳು ಇಂದಿಗೂ ಬೇಕು.

ಊರಿಗೆ ಹತ್ತಿರದ ಕೆಲಸವೆಂದರೆ ಲೋಕಲ್ ರೈಲಿನದು. ಉಪನಗರ ಸೇವೆಗಳ ರೇಕ್ (ಡಬ್ಬಿಗಳ ಸಾಲು) ಜೋಡಣೆಯ ಬಗ್ಗೆ ಅದೇ ಐಐಟಿಯ ನಾರಾಯಣ ರಂಗರಾಜ್ ಮತ್ತು ಸಂಗಡಿಗರು 2006ರಲ್ಲಿ ‘ಆಪ್‌ಸರ್ಚ್’ ಪತ್ರಿಕೆಯಲ್ಲಿ ಬರೆದರು. ಚರ್ಚ್‌ಗೇಟಿಗೆ ಬಂದ ವಿರಾರ್ ಲೋಕಲ್ ಮುಂದೆ ಯಾವ ಗಾಡಿಯಾಗಿ ಹೊರಡಬೇಕು? ಬರುವ ಗಾಡಿಗೆ ಹೊರಡುವ ಗಾಡಿಯನ್ನು ಜೋಡಿಸುವುದಷ್ಟೇ ಆದರೆ ಪೂರ್ಣಾಂಕ ಉತ್ತರ ತಾನಾಗಿ ದೊರೆಯುತ್ತದೆ. ಕಾರ್‌ಶೆಡ್ಡಿನ ಸರದಿ, 12 ಮತ್ತು 15 ಡಬ್ಬಿಗಳ ಭೇದ ಸೇರಿದರೆ ಕಗ್ಗಂಟು. ಇಂಥಲ್ಲಿ ಒಂದೇ ತರಹದ ರೇಕ್‌ಗಳಿಗೆ ನಂಬರ್ ಕೊಟ್ಟರೆ ಕೆಟ್ಟೆವು: 10 ರೇಕ್‌ಗಳಾದರೆ ಒಂದೇ ಉತ್ತರ 36,28,800 ವೇಷಗಳಲ್ಲಿ ಎದುರಾಗುತ್ತದೆ. ನಂಬರ್ ಬಿಟ್ಟು ಜೋಡಿಗಳನ್ನಷ್ಟೇ ಬರೆಯುವುದು ಜಾಣತನ. ಷರತ್ತನ್ನು ಜಾರಿ ಅಥವಾ ರದ್ದು ಮಾಡುವ ‘ಬಿಗ್ ಎಂ’ ಎಂಬ ದೊಡ್ಡ ಸಂಖ್ಯೆಗೆ ದಿನದ 1440 ನಿಮಿಷಗಳೇ ಸಾಕಿರುವಾಗ 10 ಲಕ್ಷ ಹಾಕುವವರೂ ಇದ್ದಾರೆ, ಸಡಿಲಿಸಿದ ಲೆಕ್ಕ ಆಗ ಏನನ್ನೂ ಹೇಳುವುದಿಲ್ಲ. ಈಗಿನ ವೇಳಾಪಟ್ಟಿಯನ್ನೇ ಮೊದಲ ಉತ್ತರವಾಗಿ ಕೊಡುವುದು, ಕೈಯಲ್ಲಿರುವ ಉತ್ತರಕ್ಕೂ ಅತ್ಯುತ್ತಮದ ಮಿತಿಗೂ ನಡುವಿನ ಸಾಬೀತಾದ ಅಂತರ ಶೇ. 1ಕ್ಕೆ ಇಳಿದಾಗ ನಿಲ್ಲಿಸುವುದು ಕೂಡ ಸಮಯ ಉಳಿಸುತ್ತವೆ.

ವೇಗ ಬೇಕೆಂದರೆ ದೊಡ್ಡ ಕಂಪ್ಯೂಟರ್ ಕೊಳ್ಳುವುದು ಕೊನೆಯ ಉಪಾಯವಾಗಬೇಕು. ರಾಬರ್ಟ್ ಬಿಕ್ಸ್‌ಬಿ ಅಂದಾಜಿನಂತೆ 1991ರಿಂದ 2007ರೊಳಗೆ ಅವರೇ ಕಟ್ಟಿದ ‘ಸಿಪ್ಲೆಕ್ಸ್’ ಸಾಲ್ವರ್, ಯಂತ್ರದ ವೇಗ ಬಿಟ್ಟು, ಬರೀ ಗಣಿತದ ಬಲದಿಂದ 29,000 ಪಟ್ಟು ಚುರುಕಾಯಿತು.

ರೇಖೀಯವಲ್ಲದ ಲೆಕ್ಕಗಳಿಗಾಗಿ ಐಐಟಿಯ ಅಶುತೋಷ್ ಮಹಾಜನ್, ಅಮೆರಿಕದ ಆರ್ಗಾನ್ ಪ್ರಯೋಗಾಲಯ ಮತ್ತು ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ‘ಮಿನೊಟೌರ್’ ಎಂಬ ತಂತ್ರಾಂಶ ಕಟ್ಟಿದರು. ಇದರ ವಿವರವಾದ ಲೇಖನ 2021ರಲ್ಲಿ ಪ್ರಕಟವಾಯಿತು. ಇದು ಮುಕ್ತ ತಂತ್ರಾಂಶ. ಮೂಲ ಸಂಕೇತವನ್ನು ಯಾರು ಬೇಕಾದರೂ ಇಳಿಸಿಕೊಂಡು ತಿದ್ದಬಹುದು.